ಒಂಬತ್ತಕ್ಕೆ ಒಂಬತ್ತು

ಯೋಚನೆಗೆ ಬಿದ್ದರೆಂದರೆ ನಮ್ಮ ಫಿಜಿಯೋ ಮೇಡಂ ಹೆಬ್ಬೆರಳನ್ನು ಒತ್ತಿ ಒತ್ತಿ ಮುಂಗೈ ಮೇಲೆ ಮಲಗಿಸಿಬಿಡುತ್ತಿದ್ದರು. ನೋಡಿದವರಿಗೆ ಮೈ ಜುಮ್ಮೆನ್ನಬೇಕು. ಚಿಕಿತ್ಸೆಗೆ ಹೋದ ನಾವು ಹಾಗೆ ಮಾಡಿದರೆ ಮಾತ್ರ ಕೈಮೇಲೆ ಪೆಟ್ಟು. ಅವರ ಊರು ತೀರ್ಥಹಳ್ಳಿ, ಕ್ಲಿನಿಕ್ಕು ಸಾಗರದಲ್ಲಿ. ಕೀಲುಗಳು ಅತಿಯಾಗಿ ಬಗ್ಗುವವರಿಗೆ ನೋವೇಕೆ, ಯಾವ ವ್ಯಾಯಾಮಕ್ಕೆ ಅದು ಬಗ್ಗುತ್ತದೆ ಎಂಬುದು ಅವರ ಸಂಶೋಧನೆ.

ನನ್ನದೂ ಅಂಥದೇ ಮೈ. ಮದುವೆಮನೆಗಳಲ್ಲಿ ಊಟದ ಪಂಕ್ತಿ ಏಳುವುದರೊಳಗೆ ಯಾರಾದರೂ ಕರೆದು ಬೆರಳು ಮಡಚಿಸಿ ನೋಡುತ್ತಿದ್ದರು. ಅಜ್ಜಿಗೆ ಅದೊಂದು ಹೆಮ್ಮೆ. ಆದರೆ ಸಂಜೆ ಮಂಡಿನೋವೆಂದು ನಾನು ಮೂಲೆ ಹಿಡಿದರೆ ಅದೇ ಅಜ್ಜಿ, "ಹಿಂಗೆ ಬಳುಕೋಳಿಗೆ ನೋವೆಂತದ್ದು? ಪಾತ್ರೆ ತೊಳೆಯಕ್ಕೆ ಬೇಜಾರು ಅನ್ನು" ಎನ್ನುತ್ತಿದ್ದಳು. ಏನೂ ತೋರಿಸದ ಎಕ್ಸ್‌ರೇಯೂ ಅಜ್ಜಿಯ ಪಕ್ಷವೇ. ಕಾಲೇಜಿಗೆ ಬರುವ ಹೊತ್ತಿಗೆ ನಾನು ನಿಜಕ್ಕೂ ಸುಳ್ಳಿಯೇನೋ ಎಂದು ನನಗೇ ಅನುಮಾನ ಶುರುವಾಗಿತ್ತು.

ಮೇಡಂ ಸಂಶೋಧನೆಗೆ ಜನ ಹುಡುಕುತ್ತ ಹೊಸನಗರದ ಹತ್ತಿರದ ನಮ್ಮೂರಿಗೆ ಬಂದರು. ಬೆರಳು, ಮೊಣಕೈ, ಮಂಡಿ, ಬೆನ್ನು ಎಷ್ಟು ಬಗ್ಗುತ್ತವೆಂದು ನೋಡಿ ಒಂಬತ್ತಕ್ಕೆ ಅಂಕ ಕೊಡುತ್ತಾರೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಅಂಕ ಎಂದಮೇಲೆ ಕೇಳಬೇಕೆ, ಮನೆಮನೆಯಲ್ಲೂ ತಯಾರಿ. ಎರಡೇ ಅಂಕ ಪಡೆದ ಯೋಗದ ಮೇಷ್ಟ್ರು ಮರುಪರೀಕ್ಷೆಗೆ ಪಟ್ಟು ಹಿಡಿದರು. ನನಗೆ ಒಂಬತ್ತಕ್ಕೆ ಒಂಬತ್ತು. ಹುಟ್ಟಿದಾರಭ್ಯ ನನ್ನಿಂದ ಪೂರ್ತಿ ಅಂಕ ಕಾಣದಿದ್ದ ಅಪ್ಪ ಪೇಡ ಹಂಚಿಬಿಟ್ಟ. ಮೇಡಂ ಪೇಡ ತಿನ್ನುತ್ತಲೇ, "ಎಲ್ಲೆಲ್ಲಿ ನೋವಾಗುತ್ತೆ ಮಗಾ?" ಎಂದರು. ನೋವಿದೆಯಾ ಎಂದು ಕೇಳಲಿಲ್ಲ. ಅಷ್ಟಕ್ಕೇ ನಾನು ಅತ್ತುಬಿಟ್ಟೆ.

"ಬಗ್ಗೋದು ಬಂತು, ಇನ್ನು ನಿಲ್ಲೋದು ಕಲಿ" ಎಂಬುದು ಅವರ ಮಾತು. ಅದರಂತೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಂಟಿಕಾಲಲ್ಲಿ ನಿಂತು ಬಸ್ಸು ಕಾದೆ. ಸಿಗಂದೂರಿಗೆ ಹರಕೆಯಾ ಎಂದು ಕೇಳಿದವರಿಗೆ ಹೌದೆಂದೆ. ಒಬ್ಬಾಕೆ ಕೈಮುಗಿದು ಬಾಳೆಹಣ್ಣು ಕೊಟ್ಟು ಹೋದಳು.

ಹೋದ ವರ್ಷ ಮೇಡಂ ತೀರಿಕೊಂಡರು. ನನ್ನ ಮಂಡಿ ಗಟ್ಟಿಯಾದದ್ದು ಅವರ ಋಣ. ಅದಕ್ಕಿಂತ ದೊಡ್ಡ ಋಣ ಇನ್ನೊಂದಿದೆ.

ಇಂಥದ್ದು ಮನೆತನದಲ್ಲಿ ಹರಿದುಬರುತ್ತದೆಂದು ಅವರು ಅಜ್ಜಿಯನ್ನೂ ನೋಡಲು ಒಮ್ಮೆ ಮನೆಗೆ ಬಂದಿದ್ದರು. ಅಜ್ಜಿ ಸೆರಗು ಸಿಕ್ಕಿಸಿ, ಮಂಡಿ ಮಡಚದೆ ಎರಡೂ ಅಂಗೈ ನೆಲಕ್ಕೂರಿ, ತಲೆಕೆಳಗಾಗಿಯೇ, ಸಾಕಾ ಇನ್ನೂ ಬೇಕಾ ಎಂದು ವಿಚಾರಿಸಿದಳು. ಮೇಡಂ ನಕ್ಕು ಅವಳನ್ನು ಕೂರಿಸಿ, ಮಂಡಿಯ ಮೇಲೆ ಕೈಯಿಟ್ಟು, ಗದ್ದೆಯಲ್ಲಿ ಸಸಿ ನಟ್ಟಿ ಮಾಡುವಾಗ, ಬಾಣಂತನದಲ್ಲಿ ಬಹಳ ನೋವಿತ್ತಲ್ಲವಾ ಎಂದರು. ಅಜ್ಜಿ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ನೋವೆಂದಾಗಲೆಲ್ಲ ಅವಳತ್ತೆ, ನಮ್ಮಜ್ಜ ಎಲ್ಲರೂ ಅವಳನ್ನು ಮೈಗಳ್ಳಿ ಎಂದೇ ಕರೆದಿದ್ದರಂತೆ.

"ಹಂಗಾದ್ರೆ ನಾ ಸುಳ್ಳು ಹೇಳ್ತಿರ್ಲಿಲ್ಲ" ಎಂದಳು, ಮೆಲ್ಲಗೆ.

ಆ ಸಂಜೆ ಪಾತ್ರೆಗಳನ್ನು ಅಜ್ಜಿಯೂ ತೊಳೆಯಲಿಲ್ಲ, ನಾನೂ ತೊಳೆಯಲಿಲ್ಲ. ಅಪ್ಪ ತೊಳೆದ.