ನೂಲು ಹಿಡಿದವನು ದಾಳ ಹಿಡಿಯಬಾರದು

ನನ್ನ ಅಂಗಡಿಯಲ್ಲಿ ಆಟದ ಬಾಹ್ಯಾಕಾಶ ನೌಕೆಗಳು ಸಿಗುತ್ತವೆ. ಹೆಬ್ಬೆರಳುದ್ದದವು, ಅಂಗೈಯಗಲದವು, ಅವಕ್ಕೆ ಬಳಿಯುವ ಬಣ್ಣ, ಎಸೆಯುವ ದಾಳ, ಎಲ್ಲವೂ. ಕೊಳ್ಳುವವರು ಮಕ್ಕಳು ಅಂದುಕೊಳ್ಳಬೇಡಿ. ಮಕ್ಕಳು ಬಂದು ಮುಟ್ಟಿ ಹೋಗುತ್ತಾರೆ. ಕೊಳ್ಳುವವರಿಗೆಲ್ಲ ತಲೆ ನರೆತಿದೆ, ಇಲ್ಲವೇ ಬೋಳಾಗಿದೆ. ಹಿಂದಿನ ಕೋಣೆಯಲ್ಲಿ ದೊಡ್ಡ ಮೇಜುಗಳನ್ನು ಹಾಕಿ, ಮೇಲೆ ನಕ್ಷತ್ರದ ಚುಕ್ಕಿಗಳಿರುವ ಕಪ್ಪು ಬಟ್ಟೆ ಹಾಸಿದ್ದೇನೆ. ಭಾನುವಾರ ಮಧ್ಯಾಹ್ನ ಅಲ್ಲಿ ಯುದ್ಧ. ಆಡುವುದಕ್ಕೆ ಬಾಡಿಗೆ ಇಲ್ಲ. ಸೋತವನು ಮುಂದಿನ ವಾರಕ್ಕೆ ಇನ್ನೊಂದು ನೌಕೆ ಕೊಳ್ಳುತ್ತಾನೆ, ಗೆದ್ದವನು ಅವನಿಗೆ ಹೆದರಿ ಎರಡು ಕೊಳ್ಳುತ್ತಾನೆ. ಬಾಡಿಗೆ ಯಾಕೆ ಬೇಕು?

ಯುದ್ಧ ಅಂದರೆ ಮುಕ್ಕಾಲು ಪಾಲು ಬಾಯಿಯದೇ. ಪ್ರತಿ ನೌಕೆಯೂ ಒಂದು ಸಣ್ಣ ಕಡ್ಡಿಯ ಮೇಲೆ ನಿಂತಿರುತ್ತದೆ, ಕಡ್ಡಿ ಒಂದು ಚಪ್ಪಟೆ ಬಿಲ್ಲೆಯ ಮೇಲೆ. ಬಿಲ್ಲೆಯ ಮೇಲೆ ನೌಕೆಯ ಮೂತಿಯ ಕಡೆಗೆ ಬೀಸಣಿಗೆ ಬಿಚ್ಚಿದಂತೆ ಎರಡು ಗೆರೆ. ಶತ್ರು ಆ ಗೆರೆಗಳ ನಡುವೆ ಬಿದ್ದರೆ ಗುಂಡು ಹಾರಿಸಬಹುದು. ನಡುವೆ ಕಲ್ಲು, ಅಂದರೆ ಥರ್ಮಾಕೋಲಿಗೆ ಬೂದಿ ಬಣ್ಣ ಬಳಿದು ನಾನೇ ಮಾಡಿಟ್ಟ ಉಂಡೆ, ಅಡ್ಡ ಬಂದರೆ ಹಾರಿಸುವಂತಿಲ್ಲ. ಹೇಳುವುದಕ್ಕೆ ಇಷ್ಟೇ. ನೋಡುವುದಕ್ಕೆ ಹೋದರೆ ಒಂದೊಂದು ಕಣ್ಣಿಗೆ ಒಂದೊಂದು ಆಕಾಶ.

"ನನ್ನ ಮೂತಿ ನೇರಕ್ಕೇ ಇದೆ, ಕಣ್ಣು ಕಾಣಲ್ವಾ?" ಎನ್ನುತ್ತಾನೆ ಬಸ್ ಡ್ರೈವರು.

"ಬಸ್ ಓಡ್ಸೋನಿಗೆ ಮೂತಿ ಯಾವ ಕಡೆ ಇದ್ರೂ ರಸ್ತೆ ನೇರಾನೇ," ಎನ್ನುತ್ತಾರೆ ಹಲ್ಲಿನ ಡಾಕ್ಟರು.

"ಪಕ್ಕದ ಹಲ್ಲು ಕಿತ್ತೋರು ಗುರಿ ಬಗ್ಗೆ ಮಾತಾಡ್ಬಾರ್ದು ಡಾಕ್ಟ್ರೇ."

ಆಮೇಲೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ: "ನೂಲಣ್ಣಾ!"

ಕಿಟಕಿಯ ಪಕ್ಕದ ಸ್ಟೂಲಿನಿಂದ ಒಬ್ಬ ಸಣಕಲು ಮನುಷ್ಯ ಏಳುತ್ತಾನೆ. ಜೇಬಿನಿಂದ ಮೇಣ ತೀಡಿದ ಬಿಳಿ ನೂಲು ತೆಗೆಯುತ್ತಾನೆ. ಅದರ ಎರಡೂ ತುದಿಗೆ ಪುಟ್ಟ ಸೀಸದ ಗುಂಡುಗಳು. ಪರದೆ ಗಾಳಿಗೆ ಹಾರದಿರಲಿ ಎಂದು ಅಂಚಿನೊಳಗೆ ಇಟ್ಟು ಹೊಲಿಯುತ್ತಾರಲ್ಲ, ಅವು. ನೂಲಣ್ಣನ ಕಸುಬು ಪರದೆ ಕಟ್ಟುವುದು. ಊರಿನ ಎಷ್ಟೋ ಮನೆಗಳ ಕಿಟಕಿಯ ಅಳತೆ ಅವನಿಗೆ ಬಾಯಿಪಾಠ, ಆ ಮನೆಗಳಲ್ಲಿ ಅವನ ಮುಖದ ಗುರುತು ಯಾರಿಗೂ ಇಲ್ಲ. ಅವನ ಸ್ವಂತ ಕೋಣೆಯ ಕಿಟಕಿ ಬೋಳಾಗಿದೆ ಎಂದು ನೀವು ಊಹಿಸಿದ್ದರೆ ತಪ್ಪು. ಎರಡು ಪದರದ ಒಳ್ಳೆಯ ಪರದೆ ಇದೆ. ಇಣುಕಿ ನೋಡುವಂಥದ್ದು ಮಾತ್ರ ಒಳಗೆ ಏನೂ ಇಲ್ಲ.

ಅವನು ನೋಡುವ ಕ್ರಮವೇ ಬೇರೆ. ಎಲ್ಲರೂ ಹೊಡೆಯುವ ನೌಕೆಯ ಹಿಂದೆ ನಿಂತು ಮುಂದಕ್ಕೆ ನೋಡಿದರೆ, ಅವನು ಏಟು ತಿನ್ನುವ ನೌಕೆಯ ಹಿಂದೆ ಹೋಗುತ್ತಾನೆ. ಮೇಜಿನ ಮೇಲೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ, ಈ ಕಡ್ಡಿಯಿಂದ ಆ ಕಡ್ಡಿಗೆ ನೂಲು ಎಳೆಯುತ್ತಾನೆ. "ಹೊಡಿಯೋನ ಕಡೆಯಿಂದ ನೋಡಿದ್ರೆ ಎಲ್ಲಾ ಗುರಿಯಲ್ಲೇ ಕಾಣುತ್ತೆ," ಎಂದು ಒಮ್ಮೆ ಹೇಳಿದ್ದ. ನೂಲು ಕಲ್ಲಿಗೆ ತಾಗಿದರೆ "ತಾಗುತ್ತೆ" ಎನ್ನುತ್ತಾನೆ, ತಾಗದಿದ್ದರೆ "ಹೋಗುತ್ತೆ". ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತೇ ಇಲ್ಲ. ಹೇಳಿ, ನೂಲು ಸುತ್ತಿಕೊಂಡು ಸ್ಟೂಲಿಗೆ ವಾಪಸ್. ಸೋತವನು ಗೊಣಗುತ್ತಾನೆ, ಗೆದ್ದವನು ದಾಳ ಎತ್ತಿಕೊಳ್ಳುತ್ತಾನೆ. ಸ್ಟೂಲಿನ ಕಡೆ ಇಬ್ಬರೂ ತಿರುಗುವುದಿಲ್ಲ.

ಅವನು ಇಲ್ಲಿಗೆ ಬಂದದ್ದು ಕೆಲಸಕ್ಕೆ. ಮೇಜಿನ ಮೇಲೆ ಬಿಸಿಲು ಬಿದ್ದು ನೆರಳು ಯಾವುದು ನೌಕೆ ಯಾವುದು ತಿಳಿಯದೆ ಜಗಳ ಹೆಚ್ಚಿತ್ತು, ಪರದೆ ಹಾಕಿಸಲು ಕರೆದಿದ್ದೆ. ಏಣಿಯ ಮೇಲಿದ್ದವನನ್ನು ಡಾಕ್ಟರು ಕರೆದರು: "ಏ, ಮೇಲಿಂದ ನಿಂಗೆ ಸರಿಯಾಗಿ ಕಾಣುತ್ತೆ, ಸ್ವಲ್ಪ ಹೇಳಪ್ಪ." ಇಳಿದು ಬಂದು ನೂಲು ಎಳೆದ. ಪರದೆಯ ಕೆಲಸ ಆ ಸಂಜೆಯೇ ಮುಗಿಯಿತು. ಅವನು ಮಾತ್ರ ಹೋಗಲಿಲ್ಲ.

ಬರಬರುತ್ತಾ ತನಗೂ ನೌಕೆ ಕೊಂಡ. ಒಂದೊಂದಾಗಿ, ಚೌಕಾಸಿ ಮಾಡದೆ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಸ್ವಲ್ಪ ಭಯ. ಅವನಿಗೆ ಬೇಕಾದದ್ದು ನನ್ನ ಅಂಗಡಿಯಲ್ಲಿ ಇರುವುದಿಲ್ಲ. ಬೂದು ಬಣ್ಣ ಬಳಿದ, ರೆಕ್ಕೆಗೆ ಕೂದಲೆಳೆಯಷ್ಟು ಕೆಂಪು ಅಂಚು ಕೊಟ್ಟ. ಒಂದು ದಿನ ಅವನ್ನೆಲ್ಲ ಡಬ್ಬಿಯಲ್ಲಿ ತಂದು, "ಡಾಕ್ಟ್ರೇ, ಒಂದು ಆಟ ಆಡೋಣ್ವಾ?" ಎಂದ.

ಡಾಕ್ಟರು ನಿಜವಾಗಿಯೂ ಗಾಬರಿಯಾದರು. "ನೀನು ಆಡಿದ್ರೆ ತೀರ್ಪು ಹೇಳೋರ್ಯಾರು? ನೂಲು ಹಿಡಿದೋನು ದಾಳ ಹಿಡೀಬಾರ್ದಪ್ಪ."

ಅಲ್ಲಿದ್ದವರೆಲ್ಲ ಹೌದು ಹೌದು ಎಂದರು. ಅಂದಿನಿಂದ ಅದೇ ಕಾನೂನು. ನಾನೂ ತಲೆಯಾಡಿಸಿದೆ, ಸಂಬಳ ಕೇಳದ ನ್ಯಾಯಾಧೀಶ ಯಾವ ವ್ಯಾಪಾರಿಗೆ ಸಿಕ್ಕಾನು? ಡಬ್ಬಿ ಮತ್ತೆ ಚೀಲ ಸೇರಿತು. ಪ್ರತಿ ವಾರ ಚೀಲದಲ್ಲಿ ಬರುತ್ತಿತ್ತು, ಚೀಲದಲ್ಲೇ ಹೋಗುತ್ತಿತ್ತು.

ಅವನಿಗೆ ಒಬ್ಬ ತಂಗಿ ಇದ್ದಾಳೆ, ದೂರದ ಊರಲ್ಲಿ. ಭಾನುವಾರ ಆಟ ಮುಗಿದ ಮೇಲೆ ಅವಳ ಫೋನು. ಅವನು ಬಣ್ಣದ ಬಾಟಲಿಗಳ ಕಪಾಟಿನ ಹತ್ತಿರ ನಿಂತು ಮಾತಾಡುತ್ತಾನೆ. ಅಂಗಡಿ ಸಣ್ಣದು, ಕಿವಿ ಮುಚ್ಚಿಕೊಳ್ಳುವುದು ನನ್ನ ಅಭ್ಯಾಸವಲ್ಲ.

"ಹೂಂ ಕಣೇ, ಇವತ್ತು ಡಾಕ್ಟರ ಜೊತೆ ಆಡ್ದೆ. ಗೆದ್ದೆ. ಅವ್ರ ದೊಡ್ಡ ಹಡಗಿಗೆ ಹಿಂದಿನಿಂದ ಬಂದು ಹೊಡ್ದೆ ನೋಡು... ಹೋದ ವಾರಾನಾ? ಹೋದ ವಾರ ಸೋತೆ, ಹೇಳಿದ್ನಲ್ಲ."

ಹಿಂದಿನಿಂದ ಬಂದು ಹೊಡೆದವನು ಡ್ರೈವರು. ಹೋದ ವಾರ ಸೋತವನೂ ಅವನೇ. ನೂಲಣ್ಣ ಸುಳ್ಳು ಹೇಳುವಾಗಲೂ ಲೆಕ್ಕ ತಪ್ಪಿಸುತ್ತಿರಲಿಲ್ಲ. ತನಗೆ ಬೇಕಾದಷ್ಟು ಗೆಲುವು ಹಂಚಿಕೊಳ್ಳಬಹುದಿತ್ತು. ಸೋಲನ್ನೂ ಅಷ್ಟೇ ನಿಯತ್ತಿನಿಂದ ತನ್ನ ಪಾಲಿಗೆ ಹಾಕಿಕೊಳ್ಳುತ್ತಿದ್ದ.

ಒಂದು ಸಂಜೆ ಗಲ್ಲಾದ ಮುಂದೆ ಬಂದು ನಿಂತ.

"ಸಾಹುಕಾರ್ರೇ, ಭಾನುವಾರ ನನ್ನ ತಂಗಿ ಬರ್ತಾಳೆ."

"ಬರ್ಲಿ, ಸಂತೋಷ."

"ನಾನು ಆಡೋದು ನೋಡ್ಬೇಕಂತೆ."

ಅವನು ಜೇಬಿನೊಳಗೆ ಸೀಸದ ಗುಂಡು ಉರುಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ನಾನು ಒಬ್ನೇ ಇರ್ತೀನಿ ಅಂತ ಅವಳಿಗೆ ಒಂದೇ ಕೊರಗು. ಜನ ಇದಾರೆ, ಆಡ್ತೀನಿ ಅಂತ ಹೇಳ್ಕೊಂಡು ಬಂದಿದೀನಿ. ಒಂದೇ ಒಂದು ಆಟ. ಎದುರುಗಡೆ ಯಾರಾದ್ರೂ ಕೂತ್ರೆ ಸಾಕು. ಸೋತ್ರೂ ಪರವಾಗಿಲ್ಲ."

ಸೋತರೂ ಪರವಾಗಿಲ್ಲ ಎನ್ನುವ ಆಟಗಾರನನ್ನು ನನ್ನ ಅಂಗಡಿ ಅದುವರೆಗೆ ಕಂಡಿರಲಿಲ್ಲ.

ಡ್ರೈವರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಕರುಣೆಯ ಸರಕು ಅವನ ಹತ್ತಿರ ಓಡುವುದಿಲ್ಲ. ಹಾಗಾಗಿ, "ತೀರ್ಪು ಹೇಳೋನನ್ನೇ ಸೋಲಿಸ್ದೋನು ಅನ್ನಿಸ್ಕೋತೀಯ, ನೋಡು," ಎಂದೆ. ಅವನು ಮೀಸೆ ನೀವಿಕೊಂಡ. ವ್ಯಾಪಾರ ಕುದುರಿತು.

ತಂಗಿ ಬಂದಳು. ಅಣ್ಣನಷ್ಟೇ ಸಣಕಲು, ಬಾಯಿ ಮಾತ್ರ ಅವನ ಪಾಲಿನದ್ದೂ ಇವಳಿಗೇ ಬಂದಂತಿತ್ತು. ಕೋಣೆ ತುಂಬಿತ್ತು. ಖಾಲಿ ಇದ್ದದ್ದು ಕಿಟಕಿಯ ಪಕ್ಕದ ಸ್ಟೂಲೊಂದೇ.

"ಇದ್ರ ಮೇಲೆ ಯಾರೂ ಕೂರಲ್ವೇನೋ?"

"ಇಲ್ಲ ಕಣೇ. ಅದು ಯಾರದ್ದೂ ಅಲ್ಲ. ಕೂತ್ಕೋ."

ಅವಳು ಸ್ಟೂಲಿನ ಮೇಲಿದ್ದ ಪುಟ್ಟ ದಿಂಬನ್ನು ಎತ್ತಿ, ಅಂಚನ್ನು ಬೆರಳಿನಿಂದ ಸವರಿ, ಮತ್ತೆ ಅಲ್ಲೇ ಇಟ್ಟು ಕೂತಳು. ಪರದೆಯ ಚೂರಿನಲ್ಲಿ ಹೊಲಿದ ದಿಂಬು.

ಆಟ ಶುರುವಾಯಿತು. ಬೂದು ನೌಕೆಗಳು ಮೊದಲ ಸಲ ಬೆಳಕು ಕಂಡವು. ನೂಲಣ್ಣ ಚೆನ್ನಾಗಿಯೇ ಆಡಿದ. ಇಷ್ಟು ವರ್ಷ ಊರವರ ತಪ್ಪನ್ನೆಲ್ಲ ಹತ್ತಿರದಿಂದ ನೋಡಿದವನು ಬೇರೆ ಹೇಗೆ ಆಡಿಯಾನು? ದಾಳ ಚೆನ್ನಾಗಿ ಬಿದ್ದಾಗ "ಢಂ!" ಎಂದ. ಕೋಣೆಯವರೆಲ್ಲ ತಿರುಗಿ ನೋಡಿದರು. "ತಾಗುತ್ತೆ", "ಹೋಗುತ್ತೆ" ಬಿಟ್ಟು ಮೂರನೆಯ ಮಾತು ಆಟದ ನಡುವೆ ಆ ಬಾಯಲ್ಲಿ ಯಾರೂ ಕೇಳಿರಲಿಲ್ಲ.

"ಏನ್ ನೂಲಣ್ಣ, ಬಾಯಲ್ಲೇ ಹೊಡ್ದು ಸಾಯಿಸ್ತೀಯಾ?" ಎಂದ ಡ್ರೈವರು, ನಕ್ಕು. ಇವನೂ ನಕ್ಕ. ತಂಗಿಯ ಕಡೆ ಒಮ್ಮೆ ನೋಡಿದ, ನೋಡಿದೆಯಾ ಎನ್ನುವ ಹಾಗೆ.

ಕೊನೆಗೆ ಡ್ರೈವರನಿಗೆ ಒಂದು ದೊಡ್ಡ ನೌಕೆ ಉಳಿಯಿತು, ಅದೂ ಅರ್ಧ ಸತ್ತದ್ದು. ನೂಲಣ್ಣನಿಗೆ ಉಳಿದಿದ್ದ ಒಂದೇ ಪುಟ್ಟ ನೌಕೆ ಕಲ್ಲಿನ ಪಕ್ಕದಿಂದ ಅದಕ್ಕೆ ಗುರಿ ಹಿಡಿದಿತ್ತು. ಹೊಡೆದರೆ ಆಟ ಮುಗಿದಂತೆ.

"ಕಲ್ಲು ಅಡ್ಡ ಇದೆ," ಎಂದ ಡ್ರೈವರು.

"ಇಲ್ಲ. ಹೋಗುತ್ತೆ," ಎಂದ ನೂಲಣ್ಣ.

"ಅಡ್ಡ ಇದೆ ಅಂದ್ನಲ್ಲಯ್ಯ!" ಎಂದವನು ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿ ಕೂಗಿಯೇಬಿಟ್ಟ: "ನೂಲಣ್ಣಾ!"

ಕೋಣೆಯಲ್ಲಿ ನಗು ಎದ್ದಿತು. ಆದರೆ ನೂಲಣ್ಣ ಎದ್ದು ನಿಂತಿದ್ದ. ಹೆಸರು ಕಿವಿಗೆ ಬಿದ್ದದ್ದೇ ತಡ, ಆಡುವವನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಕೈ ಜೇಬಿಗೆ ಹಾಕಿ, ನೂಲು ಹೊರತೆಗೆದಿದ್ದ. ಮೈಗೆ ಮೊದಲು ಗೊತ್ತಾಯಿತು, ಮನಸ್ಸಿಗೆ ಆಮೇಲೆ. ನಗು ತಾನಾಗಿ ನಿಂತಿತು.

"ನಿನ್ನ ಗುಂಡು, ನಿನ್ನ ನೂಲು," ಎಂದರು ಡಾಕ್ಟರು ಮೆಲ್ಲಗೆ. "ಹೀಗಾದ್ರೆ ಹೆಂಗಪ್ಪ?"

ನೂಲಣ್ಣ ಮೇಜು ಬಳಸಿ ಡ್ರೈವರನ ನೌಕೆಯ ಹಿಂದೆ ಬಂದ. ಕೆನ್ನೆ ಇಟ್ಟ, ಕಣ್ಣು ಮುಚ್ಚಿದ, ನೂಲು ಎಳೆದ. ನಾನು ಅವನ ಬೆನ್ನ ಹಿಂದೆಯೇ ಬಗ್ಗಿದ್ದೆ. ನೂಲಿಗೂ ಕಲ್ಲಿಗೂ ನಡುವೆ ಬೆಳಕು ಕಾಣುತ್ತಿತ್ತು. ಸಣ್ಣದು, ಅವನ ನೌಕೆಗಳ ಕೆಂಪು ಅಂಚಿನಷ್ಟು. ಆದರೂ ಬೆಳಕೇ.

ಅವನು ತುಂಬಾ ಹೊತ್ತು ಕೆನ್ನೆ ಎತ್ತಲಿಲ್ಲ. ಆಮೇಲೆ ಎದ್ದು, ನೂಲು ಸುತ್ತಿಕೊಳ್ಳುತ್ತಾ ಹೇಳಿದ: "ತಾಗುತ್ತೆ."

ಡ್ರೈವರು ತನ್ನ ನೌಕೆಯನ್ನು ಕಲ್ಲಿನ ಮರೆಯಿಂದ ಆಚೆ ಸರಿಸಿ ದಾಳ ಎತ್ತಿಕೊಂಡ. ಅವನ ಮುಂದಿನ ಏಟಿಗೆ ಬೂದು ನೌಕೆ ಹೋಯಿತು, ಅದರ ಹಿಂದೆ ಆಟವೂ ಹೋಯಿತು. ಇಷ್ಟು ವರ್ಷದಲ್ಲಿ ನೂಲಣ್ಣ ಕೊಟ್ಟ ಒಂದೇ ಸುಳ್ಳು ತೀರ್ಪು ಅದು. ಯಾರೂ ಗೊಣಗದೆ ಒಪ್ಪಿದ ಒಂದೇ ತೀರ್ಪೂ ಅದೇ. ಅವನು ಯಾಕೆ ಹಾಗೆ ಮಾಡಿದ ಎಂದು ನಾನು ಕೇಳಲಿಲ್ಲ. ಒಂದು ದಿನದ ಲಾಭಕ್ಕೆ ತಕ್ಕಡಿಯ ಹೆಸರು ಕೆಡಿಸಿಕೊಂಡರೆ ಮಾರನೆಯ ದಿನ ಅಂಗಡಿಗೆ ಯಾರು ಬರುತ್ತಾರೆ? ಅಂದು "ಹೋಗುತ್ತೆ" ಎಂದಿದ್ದರೆ ಆಟ ಗೆಲ್ಲುತ್ತಿದ್ದ. ಮುಂದಿನ ವಾರದಿಂದ ಅವನನ್ನು ಕರೆಯುವವರು ಇರುತ್ತಿರಲಿಲ್ಲ. ಆಡಲಂತೂ ಮೊದಲೇ ಯಾರೂ ಕರೆದಿರಲಿಲ್ಲ.

ಅಣ್ಣ ನೌಕೆಗಳನ್ನು ಡಬ್ಬಿಗೆ ತುಂಬುವಾಗ ತಂಗಿ ಬಂದು ಪಕ್ಕದಲ್ಲಿ ನಿಂತಳು. ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದವಳು ಈಗ ದನಿ ತಗ್ಗಿಸಿದಳು.

"ಆ ಸ್ಟೂಲು ನಿಂದೇ ಅಲ್ವೇನೋ?"

"ಯಾಕೆ?"

"ದಿಂಬಿನ ಹೊಲಿಗೆ ನಿಂದು. ಕರೆದ ತಕ್ಷಣ ಎದ್ದೆ ನೋಡು, ಆಡೋರು ಯಾರೂ ಹಂಗೆ ಏಳಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿದ. "ಇವತ್ತು ಆಡಿದ್ನಲ್ಲ," ಎಂದ.

"ಆಡ್ದೆ. ಚೆನ್ನಾಗಿ ಆಡ್ದೆ," ಎಂದಳು ತಂಗಿ, ಅವನ ಅಂಗಿಯ ಮೇಲೆ ಇಲ್ಲದ ಧೂಳನ್ನು ಕೊಡವಿ. ಬಸ್ಸಿನವರೆಗೂ ಇಬ್ಬರೂ ನಡೆದು ಹೋದದ್ದನ್ನು ಬಾಗಿಲಿನಿಂದ ನೋಡಿದೆ.

ಮುಂದಿನ ಭಾನುವಾರ ಅವನು ಸ್ಟೂಲಿನ ಮೇಲಿದ್ದ. ಚೀಲ ತಂದಿರಲಿಲ್ಲ. ತಂಗಿಯ ಫೋನು ಈಗಲೂ ಬರುತ್ತದೆ. "ಇವತ್ತು ಯಾರ್ಯಾರ ಜಗಳ?" ಎಂದು ಕೇಳುತ್ತಾಳೆ ಅಂತ ಕಾಣುತ್ತದೆ, ಇವನು ಡಾಕ್ಟರ ಗೆಲುವನ್ನು ಡಾಕ್ಟರಿಗೂ ಡ್ರೈವರನ ಸೋಲನ್ನು ಡ್ರೈವರನಿಗೂ ಕೊಟ್ಟು ಹೇಳುತ್ತಾನೆ. ಮಾತು ಬೇಗ ಮುಗಿಯುತ್ತದೆ.

ಬದಲಾದದ್ದು ಒಂದೇ. ಮೇಜಿನ ಹತ್ತಿರ ಗಲಾಟೆ ಎದ್ದು, "ನೂಲಣ್ಣಾ!" ಎಂದು ಕೂಗಿದರೆ ಅವನು ಕೂಡಲೇ ಏಳುವುದಿಲ್ಲ. ಕೇಳಿಸದವನಂತೆ ಕಿಟಕಿಯ ಕಡೆ ನೋಡುತ್ತಾ ಕೂರುತ್ತಾನೆ. ಇನ್ನೊಂದು ಸಲ ಕರೆಯಬೇಕು. ಎರಡನೆಯ ಸಲ ಕರೆದಾಗ, ಕೈ ಆಗಲೇ ಜೇಬಿನೊಳಗಿರುತ್ತದೆ.