ಖಾಲಿ ಕುರ್ಚಿಯ ಎದುರು ‘ತಬೆ’

ಮಲೇಷ್ಯಾದ ನಿಲಾಯ್‌ನ ಈ ಊಟದಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳೆಂದರೆ ನಾವಿಬ್ಬರೇ: ನಾನು ಮತ್ತು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿಯ ಗೆಳತಿ ಸುಮತಿ. ಅಂಗಡಿಯ ಅಜ್ಜಿ ಇಂಡೋನೇಷ್ಯಾದ ಮಕಾಸ್ಸರ್ ಕಡೆಯವರು. ತಟ್ಟೆ ತರುವಾಗಲೆಲ್ಲ ನಡುದಾರಿಯ ಖಾಲಿ ಕುರ್ಚಿಯೆದುರು ಬೆನ್ನು ಬಾಗಿಸಿ, ಬಲಗೈಯನ್ನು ಮೊಣಕಾಲಿನವರೆಗೆ ಇಳಿಸಿ, “ತಬೆ” ಎಂದು ಒಂದು ಕ್ಷಣ ನಿಲ್ಲುತ್ತಿದ್ದರು.

“ಅದು ಅವರ ಭಾಷೆಯ ಮಾತು ಮಾರಾಯ್ತಿ. ಹಿರಿಯರು ಕೂತಿದ್ರೆ ಅಪ್ಪಣೆ ಕೇಳದೆ ಮುಂದಿಂದ ದಾಟ್ಲಿಕ್ಕಿಲ್ಲ. ಸಂಸ್ಕೃತದ ಕ್ಷಂತವ್ಯ ಉಂಟಲ್ಲ, ಅದೇ ಸವೆದು ಹೀಗಾದದ್ದಂತೆ” ಎಂದಳು ಸುಮತಿ.

ಕ್ಷಮಿಸಿ ಎನ್ನುವ ಮಾತು ಸಮುದ್ರ ದಾಟಿ ಇಷ್ಟು ಚಿಕ್ಕದಾಗಿರುವುದು ನನಗೆ ಹಿಡಿಸಿತು.

“ಆದ್ರೆ ಅಲ್ಲಿ ಯಾರೂ ಕೂತಿಲ್ವಲ್ಲ?” ಎಂದೆ.

ಸುಮತಿ ಅದನ್ನೇ ಮಲಯ ಭಾಷೆಯಲ್ಲಿ ಕೇಳಿದಳು. ಅಜ್ಜಿ ನನ್ನನ್ನೇ ನೋಡುತ್ತ ಮೆಲ್ಲಗೆ ಏನೋ ಹೇಳಿದರು. ಸುಮತಿ ಚಮಚ ಕೆಳಗಿಟ್ಟಳು.

“ಬರುವಾಗ ನೀನು ಕೇಳದೇ ದಾಟಿದ್ದಿಯಂತೆ.”

ಹೊರಡುವಾಗ ನಾನೂ ಬಾಗಿದೆ, ಕೈ ಇಳಿಸಿ “ತಬೆ” ಎಂದೆ. ಅಜ್ಜಿ ಕುರ್ಚಿಯ ಕಡೆಗೆ ಕಿವಿಗೊಟ್ಟು ನಿಂತರು. ಫ್ಯಾನಿನ ಸದ್ದು ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ. ನಾನು ಹೆಜ್ಜೆ ಎತ್ತಿದಾಗ ಅವರು ನನ್ನ ತೋಳು ಹಿಡಿದು ತಡೆದರು.

“ಅಪ್ಪಣೆ ಸಿಗ್ಲಿಲ್ವಂತೆ, ಇನ್ನೊಮ್ಮೆ ಕೇಳ್ಬೇಕಂತೆ” ಎಂದಳು ಸುಮತಿ.