ಬಿರುಗಾಳಿಯ ಬೂದು

ನನ್ನ ಅಣ್ಣನಿಗೆ ಅನುಮಾನವೇ ಮನೆದೇವರು. ಬೀಗ ಹಾಕಿ ಎಳೆದು ನೋಡುತ್ತಾನೆ, ಗೇಟಿನವರೆಗೆ ಹೋಗಿ ಮತ್ತೆ ಬಂದು ಎಳೆಯುತ್ತಾನೆ. ಹಾಲಿನವನ ಮೇಲೆ, ಗಡಿಯಾರದ ಮೇಲೆ, ಅತ್ತಿಗೆ ಫೋನಿನಲ್ಲಿ ನಗುವುದರ ಮೇಲೆ, ಎಲ್ಲದರ ಮೇಲೂ ಒಂದು ಕಣ್ಣು. ಆ ಕಣ್ಣೇ ಅವನಿಗೆ ಅನ್ನ ಹಾಕುತ್ತಿತ್ತು ಎನ್ನುವುದೂ ನಿಜ. ಗುದ್ದಿಸಿಕೊಂಡು ಬಂದ ಕಾರುಗಳಿಗೆ ಹಳೆಯ ಬಣ್ಣಕ್ಕೆ ಹೊಂದುವ ಬಣ್ಣ ಕಲಸುವುದು ಅವನ ಕೆಲಸ. ಆದರೆ ಮೊನ್ನೆ ಒಂದು ಬೂದು ಕಾರು ಗ್ಯಾರೇಜಿಗೆ ವಾಪಸು ಬಂತು. ತೇಪೆ ಎದ್ದು ಕಾಣುತ್ತಿತ್ತಂತೆ. ಇನ್ನೊಂದು ಹಾಗೆ ಬಂದರೆ ಕೆಲಸಕ್ಕೆ ಬರಬೇಡ ಎಂದು ಯಜಮಾನ ಹೇಳಿಬಿಟ್ಟ. ಹೊಟ್ಟೆಕಿಚ್ಚಿನವರು ಯಾರೋ ಬಣ್ಣ ಕೆಡಿಸಿದ್ದಾರೆಂದು ಅಣ್ಣನ ವಾದ.

ಮನೆಗೆ ಬಂದರೆ ಅವನಿಗೆ ಯುದ್ಧ. ಮೇಜಿನ ಮೇಲೆ ಹೆಬ್ಬೆರಳೆತ್ತರದ ಸೈನಿಕ ಗೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸಿ ಕಾದಾಡುವ ಆಟ. ಎದುರಾಳಿ, ಬೀದಿ ಕೊನೆಯ ಟೈಲರ್. ಮುಂದಿನ ಆಟಕ್ಕೆಂದು ಅಣ್ಣ ತನ್ನ ದಂಡನಾಯಕ ಗೊಂಬೆಯ ಮೇಲಂಗಿಗೆ ಬಿರುಗಾಳಿಯ ಆಕಾಶ ಬರೆಯಲು ಕೂತಿದ್ದ. ಮೊದಲು ಕಪ್ಪು, ಒಣಗಿದ ಮೇಲೆ ಬೂದು, ಮಡಿಕೆಗಳ ಸಂದಿಗೆ ತೆಳುವಾದ ಕಡುನೀಲಿ, ಕೊನೆಗೆ ಮಿಂಚಿಗೆ ಬಿಳಿಯ ಗೆರೆ. ಬೂದು ಬಣ್ಣಕ್ಕೆ ಬರುವಷ್ಟರಲ್ಲೇ ಗಲಾಟೆ ಶುರುವಾಯಿತು.

"ಇದಕ್ಕೆ ಯಾರೋ ಕಂದು ಸೇರಿಸಿದಾರೆ," ಎಂದ, ಬಾಟಲಿಯನ್ನು ಕಿಟಕಿಗೆ ಹಿಡಿದು.

"ಯಾರು ಸೇರಿಸ್ತಾರೆ ಅಣ್ಣಾ? ನಮಗೇನು ಬೇರೆ ಕೆಲಸ ಇಲ್ವಾ?" ಎಂದೆ. ಅವರ ಮನೆಯ ಮಹಡಿಯಲ್ಲೇ ಇರುವವಳು ನಾನು. ಅಲ್ಲಿ ಏನು ಕೆಟ್ಟರೂ ಮೊದಲು ನನ್ನ ಕಡೆಗೇ ಬೆರಳು.

"ಟೈಲರ್ ಬಂದಿದ್ದ. ಅವನ ಕೈ ಸುಮ್ನಿರಲ್ಲ."

ಕಂದು ಮುಚ್ಚಲು ನೀಲಿ ಸೇರಿಸಿದ. ಸಾಲದೆ ಇನ್ನಷ್ಟು ಸೇರಿಸಿದ. ಬಣ್ಣದ ಡಬ್ಬಿಯ ಮುಚ್ಚಳಕ್ಕೆ ಒಂದು ತಲೆಗೂದಲು ಅಂಟಿಸಿ, "ಯಾರಾದ್ರೂ ತೆಗೆದ್ರೆ ಕೂದಲು ಕಿತ್ತು ಬರುತ್ತೆ, ಕಳ್ಳ ಸಿಕ್ಕೇ ಸಿಗ್ತಾನೆ," ಎಂದ. "ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ?" ಎಂದು ಅತ್ತಿಗೆ ಆ ಕೋಣೆಯ ಕಸ ಗುಡಿಸುವುದನ್ನೇ ಬಿಟ್ಟರು.

ಕೂದಲು ಕದಲಲಿಲ್ಲ. ಬೂದು ಮಾತ್ರ ಅವನಿಗೆ ಕಂದಾಗಿಯೇ ಕಾಣುತ್ತಿತ್ತು.

ಟೈಲರ್ ಬಂದವನು ಗೊಂಬೆ ನೋಡಿ ನಕ್ಕ. "ಬಿರುಗಾಳಿ ಎಲ್ಲಿದೆ? ಇದು ಶಾಲೆ ಯೂನಿಫಾರ್ಮ್ ಕಣಯ್ಯಾ, ಅಪ್ಪಟ ನೀಲಿ!" ಅಣ್ಣ ನೋಡಿದ ನೋಟಕ್ಕೆ ಅವನು ಚಪ್ಪಲಿ ಮೆಟ್ಟಿ ಹೊರಟ. ಅವನು ಹೋದ ಮೇಲೆ ಸರದಿ ನನ್ನದು. "ನೀವೆಲ್ಲ ಒಂದಾಗಿ ನನ್ನ ಆಟ ಆಡಿಸ್ತಿದೀರಿ." ನನಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವಳನ್ನೇ ನಂಬದವನು ಇನ್ಯಾರನ್ನು ನಂಬುತ್ತಾನೆ?

ಮರುದಿನ ದೂರದ ಅಂಗಡಿಯಿಂದ ಸೀಲ್ ಒಡೆಯದ ಹೊಸ ಬಾಟಲಿ ತಂದ. ದಾರಿಯುದ್ದಕ್ಕೂ ಜೇಬಿನಿಂದ ಕೈ ತೆಗೆದಿರಲಿಲ್ಲವಂತೆ. ನನ್ನೆದುರೇ ಸೀಲ್ ಕಿತ್ತು ಬಿಳಿ ತಟ್ಟೆಗೆ ಒಂದು ಹನಿ ಬಿಟ್ಟ. ಬೈಗುಳಕ್ಕೆ ನಾನು ಸಿದ್ಧಳಾಗಿ ನಿಂತಿದ್ದೆ, ಬರಲಿಲ್ಲ. ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ.

ಎಡಗಣ್ಣು ಮುಚ್ಚಿ ನೋಡಿದ. ಬಲಗಣ್ಣು ಮುಚ್ಚಿ ನೋಡಿದ.

"ಇದು ಯಾವ ಬಣ್ಣ, ಹೇಳು."

ಅವನು ಯಾರನ್ನಾದರೂ ಬಣ್ಣ ಕೇಳಿದ್ದನ್ನು ನಾನು ಕಂಡೇ ಇರಲಿಲ್ಲ. ಕಂದು ಅಂದುಬಿಟ್ಟರೆ ಅವನಿಗೂ ಸಮಾಧಾನ, ನನಗೂ ಸುಖ. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬೂದು ಅಣ್ಣಾ. ಬರೀ ಬೂದು."

ವಾದ ಮಾಡಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬಿದ. ಅದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. "ಕಣ್ಣಿಗೆ ಪೊರೆ ಬಂದಿರ್ಬೇಕು, ಅದಕ್ಕೇ ಬೂದು ಕಂದಾಗಿ ಕಾಣ್ತಿದೆ. ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ," ಎಂದೆ.

"ಗ್ಯಾರೇಜಲ್ಲಿ ಆ ಕಾರಿನ ತೇಪೆ ಎಲ್ಲರಿಗೂ ಕಾಣ್ತಿತ್ತು ಅಲ್ವಾ? ಒಬ್ಬರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ಯಾ?"

ಕುಂಚ ತೊಳೆದು, ಒರೆಸಿ, ತುದಿ ಚೂಪು ಮಾಡಿ ಇಟ್ಟ. "ನಾಳೆ ಯಜಮಾನಂಗೆ ಕಣ್ಣಿನ ವಿಷಯ ಹೇಳ್ಬೇಕು, ನೀನೂ ಜೊತೆಗೆ ಬಾ," ಎಂದ. "ನಾನೊಬ್ನೇ ಹೇಳಿದ್ರೆ ಅವನು ನಂಬಲ್ಲ ಕಣೆ."